ಸಾವ್ಕಾರರು ಸಾಲಿನಲ್ಲಿ ನಿಂತದ್ದು

ಅರಕಲಗೂಡು
೧೪ ನವೆಂಬರ್ ೨೦೨೫, ಶುಕ್ರವಾರ

ನನ್ನ ಮುದ್ದು ನಿಧಿ,

ಹೇಗಿದ್ದೀಯೆ? ಕಾಮಾಲೆ ಪೂರ್ತಿ ಇಳಿಯಿತೇ? ಹಾಸನದ ಹಾಸ್ಟೆಲಿನಲ್ಲಿ ಎಣ್ಣೆ ಪದಾರ್ಥ ಮುಟ್ಟುತ್ತಿಲ್ಲ ತಾನೆ? ಓದು ಬಿಟ್ಟು ಮನೆಗೆ ಬರುತ್ತೇನೆಂದು ಮೊನ್ನೆ ಮೆಸೇಜು ಹಾಕಿದವಳು ಆಮೇಲೆ ಫೋನೇ ಎತ್ತಿಲ್ಲ. ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಿದ್ದೇನೆ. ಅದಕ್ಕೇ ಈ ಕಾಗದ.

ಕಾಯಿಲೆಯಲ್ಲಿ ಪರೀಕ್ಷೆ ಬರೆದು ಅಂಕ ಇಳಿದದ್ದು ನಿನ್ನ ತಪ್ಪಲ್ಲ ಮಗಳೇ. ಅಂಕಕ್ಕೆ ಕೊಡುತ್ತಿದ್ದ ವಿದ್ಯಾರ್ಥಿವೇತನ ನಿಂತಿತು, ನಿಜ. ಆದರೆ ಆದಾಯ ಕಡಿಮೆ ಇರುವ ಮನೆಯ ಮಕ್ಕಳಿಗೆ ನಿಮ್ಮ ವಿಶ್ವವಿದ್ಯಾಲಯದಲ್ಲೇ ಇನ್ನೊಂದು ಇದೆಯೆಂದು ನೀನೇ ಹೇಳಿದ್ದೆಯಲ್ಲ, ಅದನ್ನು ಹೋದ ವಾರ ನಿಮ್ಮಪ್ಪನಿಗೆ ತಿಳಿಸಿದೆ. "ಮಾರ್ಕಿಗೆ ಕೊಟ್ರೆ ಮರ್ಯಾದೆ. ಬಡವ್ರು ಅಂತ ಬರುಸ್ಕೊಂಡು ಈಸ್ಕೊಳ್ಳಾದು ಯಾವ ಮರ್ಯಾದೆ?" ಎಂದು ಊಟ ಬಿಟ್ಟು ಎದ್ದರು. ನಮ್ಮ ಶುಂಠಿ ಮಂಡಿ ಮುಚ್ಚಿ ಎರಡು ವರ್ಷವಾಯಿತು; ಬೇರೆಯವರ ಮಂಡಿಯಲ್ಲಿ ತೂಕ ಹಾಕಲು ಹೋಗುವಾಗಲೂ ಅವರಿಗೆ ಇಸ್ತ್ರಿಯ ಬಿಳಿ ಅಂಗಿಯೇ ಆಗಬೇಕು, ನಿನಗೆ ಗೊತ್ತಲ್ಲ. ನಾನೂ ಬಿಡಲಿಲ್ಲ. "ರ‍್ಯಾಂಕ್ ಬಂದಾಗ ಕೊಟ್ಟಿದ್ದೂ ಸರ್ಕಾರದ ದುಡ್ಡೇ, ಇದೂ ಅದೇ. ಅವಳೇನು ಓದೋದು ನಿಲ್ಸಿದ್ದಾಳಾ?" ಎಂದೆ.

ಮರುದಿನ ತಾವಾಗಿಯೇ "ನಡಿ" ಎಂದರು. ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರಕ್ಕೆ ಉದ್ದ ಸಾಲು. ನಮ್ಮ ಮಂಡಿಯಲ್ಲಿ ಶುಂಠಿ ತೊಳೆಯುತ್ತಿದ್ದ ಬೆಟ್ಟಮ್ಮ ಪಕ್ಕಕ್ಕೆ ಸರಿದು, "ಮುಂದಕ್ಕೋಗಿ ಸಾವ್ಕಾರ್ರೇ, ನಿಮ್ಗ್ಯಾಕೆ ಈ ಲೈನು?" ಎಂದಳು. ಎಲ್ಲರೂ ತಿರುಗಿ ನೋಡಿದರು. ಇವರು ವಾಪಸು ಹೊರಟೇಬಿಡುತ್ತಾರೆಂದುಕೊಂಡೆ. "ನಾನೂ ಇದ್ಕೇ ಬಂದಿರಾದು ಕಣವ್ವಾ, ಮಗಳು ಓದ್ಬೇಕಲ್ಲ" ಎಂದು ಅವಳ ಹಿಂದೆ ಹೋಗಿ ನಿಂತರು. ಪ್ರಮಾಣಪತ್ರ ಕೈಗೆ ಬರುವ ಮುಂಚೆ ನಿನಗೆ ಹೇಳಕೂಡದೆಂದು ಮಾತ್ರ ಅಂದರು.

ಅದು ಇವತ್ತು ಬಂತು. ಅರ್ಜಿ ಹಾಕಲು ನಾಳೆಯೇ ಕೊನೆಯ ದಿನವಂತೆ. ಸಿಗುತ್ತದೋ ಇಲ್ಲವೋ, ನಮಗಿಂತ ಕಷ್ಟದಲ್ಲಿರುವವರು ಎಷ್ಟು ಜನ ಅರ್ಜಿ ಹಾಕಿದ್ದಾರೋ.

ಅಜ್ಜಿ ನಿನ್ನ ಹೆಸರು ಹೇಳಿಯೇ ದಿನಾ ವಿಭೂತಿ ಹಚ್ಚಿಕೊಳ್ಳುತ್ತಾರೆ. ನಿನಗೆ ಒಳ್ಳೆಯದೇ ಆಗಲಿ, ಕಂದ.

ನಿನ್ನ ಅಮ್ಮ,
ನೀಲಾಂಬಿಕೆ

ತಾ.ಕ.: ಈ ಕಾಗದ, ಪ್ರಮಾಣಪತ್ರ, ಅರ್ಜಿ ಮೂರನ್ನೂ ನಾಳೆ ಬೆಳಿಗ್ಗೆ ನಿಮ್ಮಪ್ಪನ ಕೈಯಲ್ಲೇ ಕಳಿಸುತ್ತಿದ್ದೇನೆ. ನೀನು ಓದು ಬಿಡುವ ಮಾತಾಡಿದ್ದು ಅವರಿಗೆ ಗೊತ್ತಿಲ್ಲ. ಹೇಳಲು ನನಗೆ ಧೈರ್ಯ ಬರಲಿಲ್ಲ. ನೀನು ಇದನ್ನು ಓದುವಾಗ ಹಾಸ್ಟೆಲಿನ ಗೇಟಿನ ಹತ್ತಿರ ನಿನ್ನ ಮುಖವನ್ನೇ ನೋಡುತ್ತಾ ನಿಂತಿರುತ್ತಾರೆ. ಅಳಬೇಡ. ಮೊದಲು ಅರ್ಜಿಗೆ ಸಹಿ ಹಾಕು.