ಬರೆದ ಕೈ ಯಾವುದು

ಜೂನ್ 4, 1962

ಮಾವನವರು ಪ್ರಾತಃಕಾಲ ಪ್ರಸನ್ನಚಿತ್ತರಾಗಿ ಎದ್ದು, ಸ್ನಾನ ಮುಗಿಸಿ, ದೇವರಿಗೆ ಕೈಮುಗಿದು, ನನ್ನ ಕಪಾಳಕ್ಕೆ ಬಾರಿಸಿದರು.

ಕಾರಣ ಬೋರ್ಡು. ಹೋಟೆಲಿನ ಬಾಗಿಲಲ್ಲಿ 'ಇಂದಿನ ಸ್ಪೆಷಲ್' ಬರೆಯುವ ಕರಿಹಲಗೆ. ಅದರ ಮೇಲೆ ಯಾರೋ ದುಂಡಗಿನ ತಮಿಳಿನಲ್ಲಿ 'ನಿನ್ನೆಯ ಸಾಂಬಾರು' ಎಂದು ಬರೆದಿದ್ದರು. ಯಾರೋ ಅಂದರೆ ನಾನು. ಮದ್ರಾಸಿನ ಈ ಮೈಲಾಪೂರದ ಹಿರಿಯರು ಕಾಫಿ ಲೋಟ ಹಿಡಿದುಕೊಂಡೇ ನಕ್ಕರು. ಮಾವ ನಗಲಿಲ್ಲ. ಮೊದಲು ಕೈ, ಆಮೇಲೆ ಛತ್ರಿ. ನನ್ನ ಬೆನ್ನಿಗೆ ತಾಗಿ ಛತ್ರಿಯ ಕಡ್ಡಿ ಮುರಿಯಿತು. ಮುರಿದದ್ದಕ್ಕೆ ಇನ್ನೊಂದು ಏಟು.

ಎಡಗಿವಿ ಇನ್ನೂ ಗುಂಯ್ ಎನ್ನುತ್ತಿದೆ. ಮೈಲಾಪೂರದ ಸಂಗೀತ ಸೀಸನ್ ಡಿಸೆಂಬರಿನಲ್ಲಿ. ನನಗೆ ಮುಂಚಿತವಾಗಿ ಶುರು.

ಜೂನ್ 9

ಸಂದರ್ಭ ಸಹಿತ ವಿವರಿಸುವುದಾದರೆ — ನಮ್ಮದು ಅಳಿಯಸಂತಾನ. ಆಸ್ತಿ ಮಗನಿಗಲ್ಲ, ಅಕ್ಕತಂಗಿಯರ ಮಗನಿಗೆ. ಆದ್ದರಿಂದ ಕಾಂತಪ್ಪ ಮಾವನ ಹೋಟೆಲು, ಗಲ್ಲಾಪೆಟ್ಟಿಗೆ, ಅದರ ಹಿಂದಿನ ಕುರ್ಚಿ, ಎಲ್ಲ ಅವರ ತಂಗಿ ಸರಸಳ ಮಗ ಸದಾನಂದನಾದ ನನಗೆ ಬರಬೇಕು. ಅವುಗಳ ಜೊತೆಗೆ ಏಟೂ. ಮಾವನ ಸ್ವಂತ ಮಗ ಹರಿಹರನಿಗೆ ಏನೂ ಇಲ್ಲ, ಏಟು ಕೂಡ ಇಲ್ಲ. ಅಮ್ಮನೂ ನಾನೂ ಇರುವುದು ಇಲ್ಲಿ, ಮಾವನ ಮನೆಯಲ್ಲಿ; ನನ್ನ ಅಪ್ಪ ಊರಿನಲ್ಲಿ ತಮ್ಮ ಅಕ್ಕನ ಮಕ್ಕಳನ್ನು ಹೊಡೆದುಕೊಂಡು ಸುಖವಾಗಿದ್ದಾರೆ.

ಹೊಸ ಕಾನೂನು ಬಂದಿದೆ, ಮಗನಿಗೂ ಪಾಲು ಉಂಟು ಎಂದು ಹರಿಹರ ಎಲ್ಲರಿಗೂ ಹೇಳುತ್ತಾನೆ. ಆ ಕಾನೂನು ಇನ್ನೂ ಮಾವನನ್ನು ಭೇಟಿಯಾಗಿಲ್ಲ.

ಜೂನ್ 13

ಎರಡು ಲಕೋಟೆ ಬಂದವು. ಮದ್ರಾಸಿನ ಇಂಜಿನಿಯರಿಂಗ್ ಕಾಲೇಜು: ನೀನು ಹುಟ್ಟಿದ ಊರು ಈಗ ಮೈಸೂರು ರಾಜ್ಯದಲ್ಲಿದೆ, ಸೀಟಿಲ್ಲ. ಮೈಸೂರು ರಾಜ್ಯದ ಕಾಲೇಜು: ನೀನು ಓದಿದ್ದು ಮದ್ರಾಸಿನಲ್ಲಿ, ಸೀಟಿಲ್ಲ.

ಆರು ವರ್ಷದ ಹಿಂದೆ ದೊಡ್ಡವರೆಲ್ಲ ಸೇರಿ ನಮ್ಮ ಜಿಲ್ಲೆಯನ್ನು ಈ ರಾಜ್ಯದಿಂದ ಎತ್ತಿ ಆ ರಾಜ್ಯದಲ್ಲಿ ಇಟ್ಟರು. ಆಗ ನಾನು ಹೋಟೆಲಿನ ಹಿತ್ತಲಲ್ಲಿ ಲೋಟ ತೊಳೆಯುತ್ತಿದ್ದೆ. ಯಾರೂ ಬಂದು ಹೇಳಲಿಲ್ಲ.

ಮಾವನಿಗೆ ಪರಮ ಸಂತೋಷ. ಇವತ್ತು ಏಟಿಲ್ಲ.

ಜೂನ್ 16

ಇಲ್ಲೇ, ನಡೆದುಹೋಗುವಷ್ಟು ದೂರದ ಕಾಲೇಜಿನಲ್ಲಿ ಬಿ.ಕಾಂ. ಸೀಟು. ದಿನಾ ನಮ್ಮಲ್ಲಿ ಪೊಂಗಲ್ ತಿನ್ನುವ ಲೆಕ್ಚರರ್ ಒಬ್ಬರ ಕೃಪೆ. ಬೆಳಿಗ್ಗೆ ಪಾಠ, ಮಧ್ಯಾಹ್ನದಿಂದ ಗಲ್ಲಾ. ಕಾಲೇಜು ಮುಗಿಯುವ ವರ್ಷ ನನಗಾಗಿ ಕುರ್ಚಿಯ ಗಾದಿಯನ್ನೂ ಬದಲಿಸುವುದಾಗಿ ಮಾವ ಘೋಷಿಸಿದರು.

ಅದೇ ಟಪಾಲಿನಲ್ಲಿ ಇನ್ನೊಂದು. ಏಪ್ರಿಲ್‌ನಲ್ಲಿ ಕ್ರೋಂಪೇಟೆಯ ತೊಗಲಿನ ಕಾಲೇಜಿಗೆ ತಮಾಷೆಗೆ ಅರ್ಜಿ ಹಾಕಿದ್ದೆ. ದನದ ಚರ್ಮ ಹದ ಮಾಡುವ ವಿದ್ಯೆ. ಗಾರ್ಡಿಯನ್ನರ ಉದ್ಯೋಗ ಎಂಬಲ್ಲಿ 'ಶುದ್ಧ ಸಸ್ಯಾಹಾರಿ ಹೋಟೆಲು' ಎಂದು ಬರೆದು ಅಡಿಗೆರೆ ಎಳೆದಿದ್ದೆ. ಯಾರಾದರೂ ಓದಿ ನಗಲಿ ಎಂದು. ಅವರು ನಕ್ಕರೋ ಇಲ್ಲವೋ... ಇಂಟರ್‌ವ್ಯೂಗೆ ಕರೆದಿದ್ದಾರೆ.

ಜೂನ್ 20

ಮಾಂಬಲದಿಂದ ಎಲೆಕ್ಟ್ರಿಕ್ ಟ್ರೇನು. ಕ್ರೋಂಪೇಟೆ ಬರುವ ಮೊದಲೇ ಕ್ರೋಂಪೇಟೆಯ ವಾಸನೆ ಬಂತು.

ಒಬ್ಬ ಮುದಿ ಮೇಷ್ಟ್ರು. ಬೆರಳೆಲ್ಲ ಕಂದು ಬಣ್ಣ. ನಮ್ಮನ್ನೆಲ್ಲ ಸುಣ್ಣದ ಗುಂಡಿಗಳ ನಡುವೆ ನಡೆಸಿದರು. ಗುಂಡಿಯೊಳಗೆ ಚರ್ಮಗಳು ಊದಿಕೊಂಡು ಮಲಗಿದ್ದವು. ಮುಂದಿದ್ದವನು ಶರ್ಟಿನ ಮೇಲೆ ವಾಂತಿ ಮಾಡಿಕೊಂಡ, ಅವನನ್ನು ನೋಡಿ ಹಿಂದಿದ್ದವನು. ನನಗೇನೂ ಆಗಲಿಲ್ಲ.

"ಸಸ್ಯಾಹಾರಿ ಹೋಟೆಲಿನ ಹುಡುಗನಿಗೆ ವಾಸನೆ ಬರಲಿಲ್ಲವಾ?" ಮೇಷ್ಟ್ರು ಇಂಗ್ಲಿಷಿನಲ್ಲಿ ಕೇಳಿದರು.

"ಸಸ್ಯಾಹಾರಿ ಹೋಟೆಲಿನ ಹಿತ್ತಲು ನೀವು ನೋಡಿಲ್ಲ, ಸಾರ್" ಎಂದೆ.

ನಕ್ಕರು. ಒಂದು ಹಸಿ ಚರ್ಮ, ಒಂದು ಹದವಾದ ಚರ್ಮ ಕೈಯಲ್ಲಿಟ್ಟು, ಇದು ಅದಾಗುವುದು ಹೇಗೆ ಎಂದು ಕೇಳಿದರು. ಹೊಡೆದೂ ಹೊಡೆದೂ ಎಂದೆ. ಅಲ್ಲವಂತೆ. ಸುಣ್ಣ, ನೀರು, ಮರದ ತೊಗಟೆ, ಮತ್ತೆ ಕಾಯುವುದು. ಹೊಡೆಯದೆಯೂ ಚರ್ಮ ಹದವಾಗುತ್ತದೆ ಎಂದು ಕೇಳಿ ನನ್ನ ಚರ್ಮಕ್ಕೆ ಬಹಳ ಆಶ್ಚರ್ಯವಾಯಿತು.

ಕೇಳಿದ ಪ್ರಶ್ನೆಗೆಲ್ಲ ನಾನು ಉತ್ತರ ಹೇಳಿ ಮುಗಿಸುವವರೆಗೂ ಕಾದರು. ಯಾರ ಕೈಯೂ ನನ್ನ ಕಡೆ ಬರಲಿಲ್ಲ. ಹಾಸ್ಟೆಲ್ ಉಂಟು. ಕಿಟಕಿಗೆ ಜಾಲರಿ ಉಂಟು...

ತಮಾಷೆಗೆ ಹಾಕಿದ್ದು. ವಾಪಸ್ ಬರುವಾಗ ಟ್ರೇನಿನಲ್ಲಿ ತಮಾಷೆ ಅನ್ನಿಸಲಿಲ್ಲ.

ಜೂನ್ 23

ಸೀಟು ಸಿಕ್ಕಿತು. ಜುಲೈ ಒಂಬತ್ತರಂದು ಗಾರ್ಡಿಯನ್ ಖುದ್ದಾಗಿ ಬಂದು ಸೈ ಹಾಕಬೇಕು. ತಪ್ಪಿದರೆ ಸೀಟು ಬೇರೆಯವರಿಗೆ.

ಮಾವ ಊಟಕ್ಕೆ ಕೂತಾಗ ನಿವೇದಿಸಿಕೊಂಡೆ. ಎಡಗೈಯಲ್ಲಿ ನೀರಿನ ಚೊಂಬು ಎತ್ತಿ ಎಸೆದರು. ಹುಬ್ಬಿಗೆ ತಾಗಿತು. ಎಂಜಲು ಕೈಯಲ್ಲೇ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿದರು.

"ನಿನಗೆ ತಲೆ ಉಂಟಾ? ಕಿಟ್ಟಣ್ಣ ಭಟ್ರು ಅಡಿಗೆ ಮಾಡ್ತಾರೆ ಅಂತ ಈ ಬೀದಿಯವರು ನಮ್ಮಲ್ಲಿಗೆ ಬರುದು. ಗಲ್ಲಾದಲ್ಲಿ ಕೂತವ ದನದ ತೊಗಲು ಮುಟ್ಟಿ ಬಂದಿದ್ದಾನೆ ಅಂತ ಗೊತ್ತಾದ್ರೆ ಒಂದು ನರಪಿಳ್ಳೆ ಕಾಫಿ ಕುಡೀತದಾ?"

"ಗಲ್ಲಾದಲ್ಲಿ ಹರಿಹರ ಕೂರಲಿ, ಮಾವ."

ಹೇಳಬಾರದಿತ್ತು. ತಲೆ ಎರಡು ಸಲ ಗೋಡೆಗೆ ಹೋಗಿ ಬಂತು. ಅಮ್ಮ ಬಿಡಿಸಲಿಕ್ಕೆ ಬಂದಳು ಎಂದುಕೊಂಡೆ. ಬಂದವಳು ತಾನೂ ಒಂದು ಬಿಟ್ಟಳು. "ನನ್ನ ಸಂತಾನದ ಅನ್ನವನ್ನು ಬೇರೆಯವರ ಬಾಯಿಗೆ ಹಾಕ್ತೀಯಾ?" ಎಂದು ಅತ್ತಳು. ಆಮೇಲೆ ಹುಬ್ಬಿಗೆ ಅರಸಿನ ಹಚ್ಚಿದವಳೂ ಅವಳೇ.

ಜೂನ್ 25

ಈಗ ಹರಿಹರ. ಮಾವ ಹೊಡೆಯುವುದು ಹೋಗಬೇಡ ಎಂದು. ಇವನು ಹೊಡೆಯುವುದು ಹೋಗು ಎಂದು. ಹೀಗೆ ನನ್ನ ಉನ್ನತ ಶಿಕ್ಷಣದ ಬಗ್ಗೆ ಇಡೀ ಕುಟುಂಬಕ್ಕೆ ಕಾಳಜಿ.

ಸ್ಟೋರ್ ರೂಮಿನಲ್ಲಿ ಅಕ್ಕಿ ಮೂಟೆಯ ಮೇಲೆ ಕೆಡವಿ ಮೊಣಕಾಲನ್ನು ಎದೆಗೆ ಒತ್ತಿದ. ಮದ್ರಾಸಿನಲ್ಲೇ ಬೆಳೆದವನು, ಸಿಟ್ಟು ಬಂದರೆ ಕನ್ನಡ ಅರ್ಧಕ್ಕೆ ನಿಲ್ಲುತ್ತದೆ.

"ಡೇಯ್, ಹುಟ್ಟಿದ್ದು ನಾನು ಅವರಿಗೆ. ಕುರ್ಚಿ ನಿನಗಾ? ಮರ್ಯಾದೆಯಾಗಿ ಪೋಯಿಡು."

"ಹೋಗ್ತೇನೆ ಮಾರಾಯ. ಕಾಲು ತೆಗಿ, ಉಸಿರು ಬೇಕು ಹೋಗ್ಲಿಕ್ಕೆ."

"ಹೋಗಿ ಒಂದು ತಿಂಗಳಿಗೆ ತಿರುಗಿ ಬರ್ತಿ. ಅಪ್ಪ ತಿರುಗಿ ಕೂರಿಸ್ತಾರೆ. ನನಗೆ ಗೊತ್ತು."

ತಿರುಗಿ ಬರುವುದಿಲ್ಲ ಎಂದು ಅವನ ತಾಯಿಯ ಮೇಲೆ, ನನ್ನ ತಾಯಿಯ ಮೇಲೆ, ಅಕ್ಕಿ ಮೂಟೆಯ ಮೇಲೆ ಆಣೆ ಮಾಡಿದೆ. ನಂಬಲಿಲ್ಲ. ಹೊಟ್ಟೆಗೆ ಗುದ್ದಿದ. ಬಗ್ಗಿದಾಗ ಅವನ ಕೈ ಸಿಕ್ಕಿತು, ಕಚ್ಚಿದೆ. ಬಾಯಲ್ಲಿ ರಕ್ತದ ರುಚಿ. ಈ ಹೋಟೆಲಿನಲ್ಲಿ ನಾನು ಸೇವಿಸಿದ ಮೊದಲ ಮಾಂಸಾಹಾರ.

ಜೂನ್ 28

ತೀರ್ಮಾನ ಮಾಡಿದ್ದೇನೆ. ಕ್ರೋಂಪೇಟೆ. ಸೈ ಹಾಕಲು ಯಾರು ಬರುತ್ತಾರೆ ಎಂಬುದೊಂದು ಬಿಟ್ಟು ಎಲ್ಲ ಸಿದ್ಧ. ಒಳ್ಳೆಯ ಹುಡುಗನಾಗಿರುತ್ತೇನೆ. ಒಂಬತ್ತನೇ ತಾರೀಕಿನವರೆಗೆ ಯಾವ ಕಿಡಿಗೇಡಿತನವೂ ಇಲ್ಲ. ಬೋರ್ಡಿನ ಹತ್ತಿರವೂ ಸುಳಿಯುವುದಿಲ್ಲ. ಇತಿ ಪ್ರತಿಜ್ಞೆ.

ಜುಲೈ 4

ಎಡಗೈ ಬರಹ. ಕೋಳಿ ಕೆದರಿದ ಹಾಗೆ. ನಿಧಾನ.

ಬಲಗೈಗೆ ಮೊಣಕೈವರೆಗೆ ಪ್ಲಾಸ್ಟರ್. ರಾಯಪೇಟೆ ಆಸ್ಪತ್ರೆ. ಏಣಿಯಿಂದ ಬಿದ್ದ ಎಂದು ಹೇಳಿದೆವು. ಡಾಕ್ಟರ್ ಹುಬ್ಬು ನೋಡಿದರು, ಬೆನ್ನು ನೋಡಿದರು. ಬಹಳ ಏಣಿಗಳಿವೆಯಾ ಮನೆಯಲ್ಲಿ ಎಂದರು.

ಕೈ ನೋಯುತ್ತದೆ. ಉಳಿದದ್ದು ನಾಳೆ.

ಜುಲೈ 5

ಕಳೆದ ಶನಿವಾರ, ಮಧ್ಯಾಹ್ನದ ಊಟದ ಹೊತ್ತು. ಎಲೆಗಳೆಲ್ಲ ತುಂಬಿದ್ದವು. ಬಾಗಿಲಿನ ಬೋರ್ಡಿನಲ್ಲಿ, ದುಂಡಗಿನ ತಮಿಳಿನಲ್ಲಿ: ಇಂದಿನ ಸ್ಪೆಷಲ್ — ನಮ್ಮ ಗಲ್ಲಾ ಹುಡುಗನಿಗೆ ಕ್ರೋಂಪೇಟೆಯ ತೊಗಲಿನ ಕಾಲೇಜಿನಲ್ಲಿ ಸೀಟು, ಎಲ್ಲರೂ ಆಶೀರ್ವದಿಸಬೇಕು.

ಹೊಸದಾಗಿ ಒಳಗೆ ಬಂದ ಒಬ್ಬರು ಅದನ್ನು ಗಟ್ಟಿಯಾಗಿ ಓದಿದರು. ನಿವೃತ್ತ ಹೆಡ್‌ಮಾಸ್ಟರ್ ಸಾರನ್ನದ ನಡುವೆ ಎದ್ದು ಕೈ ತೊಳೆದರು. ಆಮೇಲೆ ಅವರ ಪಕ್ಕದವರು. ಆಮೇಲೆ ಇಡೀ ಸಾಲು. ಯಾರೂ ಬೈಯಲಿಲ್ಲ. ಅರ್ಧ ಉಂಡ ಎಲೆಗಳ ಮೇಲೆ ಫ್ಯಾನ್ ತಿರುಗುತ್ತಿತ್ತು.

ಮಾವ ಮುಂಬಾಗಿಲು ಹಾಕಿದರು. ಅಂಗಿಯ ಕಾಲರ್ ಹಿಡಿದು ರುಬ್ಬುವ ಕೋಣೆಗೆ ಎಳೆದುಕೊಂಡು ಹೋದರು. ಅಗುಳಿ ಹಾಕಿದರು. ಕೂಗಾಡಲಿಲ್ಲ. ಅದೇ ಹೆದರಿಕೆ.

"ಬರೆದ ಕೈ ಯಾವುದು?"

ಜೀವನದಲ್ಲಿ ಮೊದಲ ಬಾರಿ ನಿಜ ಹೇಳಿದೆ. ಯಾವುದೂ ಅಲ್ಲ ಎಂದೆ.

ನಂಬಲಿಲ್ಲ. ಯಾರು ನಂಬುತ್ತಾರೆ? ಆ ದುಂಡಗಿನ ಅಕ್ಷರವನ್ನು ಈ ಬೀದಿಗೆ ಪರಿಚಯಿಸಿದವನೇ ನಾನು.

ಬಲಗೈಯನ್ನು ಒರಳಿನ ಅಂಚಿನ ಮೇಲೆ ಇಟ್ಟು ಮಂಡಿಯಿಂದ ಒತ್ತಿದರು. ಮೂಲೆಯಲ್ಲಿದ್ದ ಮರದ ಒನಕೆ. ಮೊದಲ ಏಟಿಗೇ ಸದ್ದು ಬಂತು, ಹಪ್ಪಳ ಮುರಿದ ಹಾಗೆ. ಎರಡನೆಯದು ಬಿದ್ದಾಗ ನನಗೆ ಸದ್ದು ಕೇಳಿಸಲಿಲ್ಲ, ಕಿರುಚುತ್ತಿದ್ದೆನಂತೆ.

ಕಿಟ್ಟಣ್ಣ ಬಾಗಿಲು ಒದ್ದು ಅಗುಳಿ ಕಿತ್ತರು. ಮಾವನ ಸೊಂಟ ತಬ್ಬಿ ಹಿಂದಕ್ಕೆಳೆದರು. "ಧಣಿ, ಬಿಡಿ. ಬೋರ್ಡು ಬರೆದದ್ದು ಮಾಣಿ ಅಲ್ಲ. ಬೆಳಿಗ್ಗೆಯಿಂದ ನನ್ನ ಹತ್ರ ಕಾಯಿ ತುರೀತಿದ್ದ. ಬಚ್ಚಲಿಗೂ ಹೋಗ್ಲಿಲ್ಲ." ಮಾವ ಮೊಣಕೈಯಿಂದ ಅವರ ಮೂಗಿಗೆ ಕೊಟ್ಟರು. ಕಿಟ್ಟಣ್ಣ ಜನಿವಾರದ ಮೇಲೆಲ್ಲ ರಕ್ತ ಸುರಿಸಿಕೊಂಡು ಕೂತರು. ಒನಕೆ ಮತ್ತೆ ಮೇಲೆ ಹೋಯಿತು.

ಆಗ ಅಮ್ಮ ಬಂದಳು. ಒಲೆಯ ಪಕ್ಕದ ಸೌದೆ ಕೈಯಲ್ಲಿ. ಅಣ್ಣನ ಮುಂದೆ ಕೂತು ಮಾತಾಡಿದವಳಲ್ಲ, ನಿಂತೇ ಮಾತಾಡುವವಳು. ಈಗ ಮಾತೇ ಆಡಲಿಲ್ಲ. ಹಿಂದಿನಿಂದ ತಲೆಗೆ ಬಿಟ್ಟಳು.

ಮಾವ ನಿಧಾನಕ್ಕೆ ಕೂತರು. ರಕ್ತ ಕಿವಿಯ ಹಿಂದಿನಿಂದ ಇಳಿದು ನೆನೆಹಾಕಿದ ಉದ್ದಿನ ಪಾತ್ರೆಗೆ ತೊಟ್ಟಿಕ್ಕಿತು.

"ಹೊಡೀಲಿಕ್ಕೆ ಮಾವ ಬೇಕು, ಸೈ ಹಾಕ್ಲಿಕ್ಕೆ ಯಾರೂ ಬೇಡ್ವಾ?" ಎಂದಳು. ಸೌದೆ ಬಿಟ್ಟಿರಲಿಲ್ಲ. "ಅಳಿಯಸಂತಾನದ ಕಟ್ಟು ನೋಡಿ ಇವನನ್ನು ನಿನ್ನ ಕೈಗೆ ಕೊಟ್ಟೆ. ಕಟ್ಟು ನೋಡಿ ಸುಮ್ಮನಿದ್ದೆ. ಮೂಳೆ ಮುರಿದವ ನೀನು, ಅಲ್ಲಿಗೆ ಹೋಗಿ ಸೈ ಹಾಕುದೂ ನೀನೇ. ಆಗುದಿಲ್ಲವಾದ್ರೆ ಹೇಳು, ಇನ್ನೊಂದು ಕೊಡ್ತೇನೆ."

ಮಾವ ಬಾಗಿಲಿನ ಕಡೆ ನೋಡುತ್ತಿದ್ದರು. ಅಲ್ಲಿ ಹರಿಹರ. ನಾನು ಕಚ್ಚಿದ ಕೈಗೆ ಇನ್ನೂ ಬಟ್ಟೆ ಸುತ್ತಿಕೊಂಡಿದ್ದ. ಆ ಬಟ್ಟೆಯ ತುಂಬ ಬಿಳಿ ಸೀಮೆಸುಣ್ಣ. ನಾನು ಗಲ್ಲಾಕ್ಕೆ ತಿರುಗಿ ಬರದ ಹಾಗೆ ಇಡೀ ಬೀದಿಗೆ ಸಾರಿದ್ದ.

ಮಾವ ಎದ್ದು ಹೋಗಿ ಅವನನ್ನು ಹೊಡೆದರು. ಹುಟ್ಟಿದಂದಿನಿಂದ ಮೊದಲ ಸಲ. ಬಿದ್ದವನನ್ನು ಎಬ್ಬಿಸಿ ಮತ್ತೆ. ತಲೆಯಿಂದ ರಕ್ತ ಸುರಿಯುತ್ತಿದ್ದರೂ ನಿಲ್ಲಿಸಲಿಲ್ಲ. ಹರಿಹರ ಕೈ ಅಡ್ಡ ಹಿಡಿಯಲಿಲ್ಲ. ಹೇಗೆ ಹಿಡಿಯುವುದೆಂದು ಅವನಿಗೆ ಗೊತ್ತೇ ಇಲ್ಲ.

ಕಡೆಗೂ ಮಗನಿಗೆ ಪಾಲು ಸಿಕ್ಕಿತು. ನಗಬೇಕೆಂದು ಬರೆದೆ. ನಗು ಬರಲಿಲ್ಲ.

ಜುಲೈ 8

ಹೋಟೆಲು ತೆರೆದಿದೆ. ನೊಣ ಹೆಚ್ಚು, ಗಿರಾಕಿ ಕಡಿಮೆ. ಮಾವ ತಲೆಗೆ ಪಟ್ಟಿ ಸುತ್ತಿಕೊಂಡು ಗಲ್ಲಾದಲ್ಲಿ ಕೂತಿದ್ದಾರೆ. ಮನೆಯಲ್ಲಿ ಯಾರಿಗೂ ಮಾತಿಲ್ಲ, ಯಾರಿಗೂ ಏಟಿಲ್ಲ. ಯಾರಾದರೂ ತಟ್ಟೆ ಬೀಳಿಸಿದರೆ ಎಲ್ಲರೂ ಬೆಚ್ಚುತ್ತಾರೆ.

ಅಮ್ಮ ನನ್ನ ಟ್ರಂಕ್ ತುಂಬಿದಳು. "ನಾನೇ ಬರ್ತೇನೆ. ಹೆಂಗಸು ಸೈ ಹಾಕಬಾರದು ಅಂತ ಅಂದ್ರೆ ಅಲ್ಲೇ ಕೂತ್ಕೊಳ್ತೇನೆ."

ಸೌದೆ ತರುತ್ತೀಯಾ ಎಂದು ಕೇಳಿದೆ. ಕಪಾಳಕ್ಕೆ ಕೈ ಎತ್ತಿದಳು. ಅರ್ಧದಲ್ಲೇ ನಿಲ್ಲಿಸಿ, ನನ್ನ ತಲೆಗೂದಲು ಸರಿಮಾಡಿದಳು.

ಜುಲೈ 9, ಬೆಳಿಗ್ಗೆ ಹನ್ನೊಂದು

ಕ್ರೋಂಪೇಟೆ. ಕಾಲೇಜಿನ ವರಾಂಡದ ಬೆಂಚು.

ನಾನೂ ಅಮ್ಮನೂ ಸ್ಟೇಷನ್ನಿನಲ್ಲಿ ಇಳಿದೆವು. ಹಿಂದಿನ ಡಬ್ಬಿಯಿಂದ ಮಾವ ಇಳಿದರು. ಒಗೆದ ಪಂಚೆ, ತಲೆಗೆ ಪಟ್ಟಿ. ಕೈಯಲ್ಲಿ ಛತ್ರಿ ಇಲ್ಲ. ನಮ್ಮೊಡನೆ ನಡೆಯಲಿಲ್ಲ, ಹಿಂದೆಯೇ ನಡೆದರು. ಎಳೆದುಕೊಂಡು ಹೋಗಲು ಬಂದರೋ ಬೇರೆ ಯಾವುದಕ್ಕೋ, ತಿಳಿಯಲಿಲ್ಲ. ವಾಸನೆಗೆ ಮೂಗಿಗೆ ಬಟ್ಟೆ ಹಿಡಿದುಕೊಂಡಿದ್ದರು. ಗುಂಡಿಗಳ ಹತ್ತಿರ ಒಂದು ಕಡೆ ಬಗ್ಗಿ ವಾಂತಿ ಮಾಡಿದರು. ಬಾಯಿ ಒರೆಸಿಕೊಂಡು ಮತ್ತೆ ನಡೆದರು.

ಆಫೀಸಿನಲ್ಲಿ ನನ್ನ ಹೆಸರು ಕರೆದರು. ಮುದಿ ಮೇಷ್ಟ್ರು ನನ್ನ ಪ್ಲಾಸ್ಟರ್ ನೋಡಿದರು. ಗಾರ್ಡಿಯನ್ ಯಾರು ಎಂದು ಮಾತ್ರ ಕೇಳಿದರು.

ನನ್ನ ಪಕ್ಕದಲ್ಲಿ ಮಾವನ ಬಲಗೈ ಮೇಲೆದ್ದಿತು.

ತಲೆ ತಗ್ಗಿಸಿದೆ. ಕಣ್ಣು ಮುಚ್ಚಿ, ಪ್ಲಾಸ್ಟರಿನ ಕೈಯನ್ನೇ ಅಡ್ಡ ಹಿಡಿದೆ. ಏನೂ ಬೀಳಲಿಲ್ಲ. ಕಣ್ಣು ಬಿಟ್ಟರೆ ಆ ಕೈ ಇನ್ನೂ ಮೇಲೆಯೇ ಇತ್ತು, ಹಾಜರಿ ಹೇಳುವ ಶಾಲೆ ಹುಡುಗನ ಕೈಯ ಹಾಗೆ. ಮಾವ ನನ್ನ ಪ್ಲಾಸ್ಟರ್ ನೋಡುತ್ತಿದ್ದರು. ಕೋಣೆಯಲ್ಲಿ ಎಲ್ಲರೂ ನೋಡುತ್ತಿದ್ದರು. ಅವರು ಕೈ ಬಹಳ ನಿಧಾನಕ್ಕೆ ಇಳಿಸಿದರು, ನನಗೆ ಕಾಣುವ ಹಾಗೆ.

ನನ್ನನ್ನು ಹೊರಗೆ ಕೂರಿಸಿದ್ದಾರೆ. ಮಾವನೂ ಅಮ್ಮನೂ ಒಳಗೆ. ಬಾಗಿಲು ತೆರೆದೇ ಇದೆ. ಮೇಷ್ಟ್ರು ಎಲ್ಲಿ ಸೈ ಹಾಕಬೇಕೆಂದು ತೋರಿಸುತ್ತಿದ್ದಾರೆ. ಮಾವ ಅಂಗಿಯ ಜೇಬು ತಡಕಾಡುತ್ತಿದ್ದಾರೆ, ಸಿಗುತ್ತಿಲ್ಲ. ಈಗ ಬಾಗಿಲಿಗೆ ಬಂದರು. "ಸದಾ, ಪೆನ್ನು ಕೊಡು" ಎನ್ನುತ್ತಿದ್ದಾರೆ. ಕೈ ಚಾಚಿದ್ದಾರೆ. ಇರುವುದು ಇದೊಂದೇ ಪೆನ್ನು, ಕೊಟ್ಟರೆ