ಮೊದಲ ಬಾಟಲಿಯ ಪನ್ನೀರು

ಯುರೇನಿಯಂ ಘಟಕದ ಮಾನ್ಯ ಮುಖ್ಯಾಧಿಕಾರಿಗಳೇ,

ನಾನು ಕಳ್ಳ. ತಮ್ಮ ಮೂರನೇ ಟ್ಯಾಂಕಿನಿಂದ ಒಂದು ಹಿಡಿ ರೆಸಿನ್ ಮಣಿ ಕದ್ದು ಲ್ಯಾಬಿನ ನನ್ನ ಡ್ರಾಯರಿನಲ್ಲಿ ಬಚ್ಚಿಟ್ಟಿದ್ದೇನೆ. ಬೀಗ ಹಾಕಿಲ್ಲ, ಪೊಲೀಸರಿಗೆ ತೊಂದರೆಯಾಗಬಾರದು.

ಹೊಸದರಲ್ಲಿ ಇವು ಜೇನಿನ ಬಣ್ಣದ, ಸಾಸಿವೆಗಿಂತ ಚಿಕ್ಕ ಮಣಿಗಳು. ಅದಿರು ಕರಗಿಸಿದ ಆಮ್ಲ ಇವುಗಳ ನಡುವೆ ಇಳಿಯುವಾಗ ಯುರೇನಿಯಂ ಇವಕ್ಕೆ ಅಂಟಿಕೊಳ್ಳಬೇಕು. ಆಮೇಲೆ ಉಪ್ಪುನೀರು ಹಾಯಿಸಿ ಅದನ್ನು ಬಿಡಿಸಿಕೊಳ್ಳಬೇಕು. ಈಗ ಮರಳಿನಂಶ ಮೆತ್ತಿ ಇವಕ್ಕೆ ಮುಪ್ಪಡರಿದೆ. ಕಾಸ್ಟಿಕ್ ಸೋಡಾದಲ್ಲಿ ತೊಳೆಸಿ ಎಂದೆವು. ಉತ್ಪಾದನೆ ನಿಲ್ಲಿಸಲಾಗದು ಎಂದಿರಿ. ಮಣಿಗಳು ಮಣಿಯುವುದನ್ನು ಬಿಟ್ಟಿವೆ, ನಾವಿನ್ನೂ ತಮಗೆ ಮಣಿಯುತ್ತಿದ್ದೇವೆ. ಅವು ಹಿಡಿಯಲಾರದ ಯುರೇನಿಯಂ ಘಟಕದ ಹಿಂದಿರುವ ತ್ಯಾಜ್ಯದ ಕೊಳ ಸೇರುತ್ತಿದೆ. ಕೊಳದ ಒಡ್ಡು ಜಿನುಗುತ್ತದೆ. ಅದರ ಕೆಳಗೆ ಬಾವಿಗಳಿವೆ; ಒಂದು ನನ್ನ ಅಕ್ಕನದು.

ಹಾಗಿದ್ದೂ ಕೊಳಕ್ಕೆ ಬಿಡುವ ನೀರಿನ ವರದಿ ಹೇಗೆ ಇಷ್ಟು ಶುದ್ಧ? ಅಲ್ಲೇ ತಮ್ಮ ಪ್ರತಿಭೆ. ಉಪ್ಪುನೀರಿನಿಂದ ಮಣಿಗಳನ್ನು ಬರಿದು ಮಾಡಿ, ಮತ್ತೆ ಆಮ್ಲ ಬಿಟ್ಟ ಕೂಡಲೇ ಕೆಳಗಿಳಿಯುವ ನೀರಿನಿಂದ ಪರೀಕ್ಷೆಯ ಬಾಟಲಿ ತುಂಬಬೇಕೆಂದು ತಮ್ಮ ಆಜ್ಞೆ. ಆಗ ಎಂಥ ಮುದಿ ಮಣಿಯೂ ಒಂದಷ್ಟು ಹೊತ್ತು ಹಿಡಿಯುತ್ತದೆ. ಮೊದಲ ಬಾಟಲಿ ಪನ್ನೀರು, ಆಮೇಲಿನದೆಲ್ಲ ಕಣ್ಣೀರು. ಸೋರುವ ಬಕೆಟ್ಟನ್ನು ಖಾಲಿ ಇರುವಾಗ ಎತ್ತಿ ತೋರಿಸಿ, ನೋಡಿ, ಒಂದು ಹನಿಯೂ ಬೀಳುತ್ತಿಲ್ಲ ಎನ್ನಲು ಹೇಸಿಗೆಯಾಗುವುದಿಲ್ಲವೇ? ನನಗಾಗುತ್ತದೆ. ಆ ವರದಿಯನ್ನು ಮುಟ್ಟಿದರೆ ಕೈ ತೊಳೆಯಬೇಕೆನಿಸುತ್ತದೆ, ಆದರೆ ಯಾವ ನೀರಿನಲ್ಲಿ?

ಪಾಳಿಯ ಕೊನೆಯಲ್ಲೊಂದು ಬಾಟಲಿ ಹಿಡಿಯೋಣವೇ ಎಂದು ತುಂಬಿದ ಸಭೆಯಲ್ಲಿ ಕೇಳಿದವನು ನಾನೇ. ತಾವು ನಕ್ಕಿರಿ. "ಏನ್ರೀ ಕೆಮಿಸ್ಟರೇ, ನಿಮಗೆ ಸಂಬಳ ಕೊಡೋದು ಚೆನ್ನಾಗಿರೋ ನೀರನ್ನ ಕೆಡಿಸೋಕಾ?" ಎಲ್ಲರೂ ನಕ್ಕರು. ನಾನು ತಲೆ ತಗ್ಗಿಸಲಿಲ್ಲ. ಎದುರಿಗಿರುವವರು ಯಾರೇ ಆಗಲಿ, ಮುಖಕ್ಕೆ ಹೇಳಿಬಿಡುವುದು ನನ್ನ ಹುಟ್ಟುಗುಣ. ನನ್ನ ಬಾಯಿಗೆ ಬೀಗವಿಲ್ಲವೆಂದು ಅಕ್ಕನೇ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾಳೆ.

ಆದ್ದರಿಂದ ಟ್ಯಾಂಕುಗಳನ್ನು ನಿಲ್ಲಿಸಿ. ಮಣಿಗಳನ್ನು ತೊಳೆಸಿ, ತೊಳೆದರೂ ಏಳದಿದ್ದರೆ ಬದಲಿಸಿ. ಕೊನೆಯ ಬಾಟಲಿಯನ್ನು ಬಾವಿಯವರ ಎದುರಿಗೇ ತುಂಬಿಸಿ. ಅಲ್ಲಿಯವರೆಗೆ ಆ ಮನೆಗಳಿಗೆ ಟ್ಯಾಂಕರಿನಲ್ಲಿ ನೀರು ಕಳಿಸಿ. ಇಂದೇ ಕಳಿಸಿ.

ಇಂದೇ ಏಕೆಂದರೆ, ಮೊನ್ನೆ ಬಿಸಿಲಲ್ಲಿ ನಡೆದು ಅಕ್ಕನ ಮನೆಗೆ ಹೋಗಿದ್ದೆ. ಕೂತ ತಕ್ಷಣ ಬಾವಿಯ ನೀರು ತಂದು ಮುಂದಿಟ್ಟಳು. ನಾಲಿಗೆ ಅಂಗುಳಕ್ಕೆ ಅಂಟಿತ್ತು. ಆದರೂ, "ಬೇಡಕ್ಕ, ಬಾಯಾರಿಕೆ ಇಲ್ಲ" ಎಂದೆ.

"ತಂದಿದ್ದನ್ನ ಸುಮ್ನೆ ಯಾಕೆ ಚೆಲ್ಲೋದು" ಎಂದು ಲೋಟ ಎತ್ತಿ ತಾನೇ ಕುಡಿದಳು.

ನಾನು ಹವಾಮಾನದ ಬಗ್ಗೆ ಮಾತಾಡಿದೆ.

ಇಂತಿ,
ಅಕ್ಕನಿಗೆ ಹೇಳಲಾಗದ್ದನ್ನು ಪತ್ರಿಕೆಗೆ ಬರೆದ
ತಮ್ಮ