ಒಂಬತ್ತನೇ ಪ್ರಶ್ನೆ

ಸೋಮವಾರ, 4ನೇ ತಾರೀಖು

ಬಸ್ ತಪ್ಪಿತು. ಓಡಿ ಓಡಿ ಆಸ್ಪತ್ರೆ ಮುಟ್ಟಿದರೆ ಬ್ಯಾಡ್ಜ್ ಮನೆಯಲ್ಲೇ. ಬೆಳಿಗ್ಗೆಯಿಂದ ಎರಡು ಸಲ ಬಸುರಿ, ಒಂದು ಸಲ ಮೂಲವ್ಯಾಧಿ. ದುಭಾಷಿಯ ಹಣೆಬರಹ — ರೋಗಿ ಟರ್ಕಿಶ್‌ನಲ್ಲಿ "ನಾನು" ಎಂದರೆ ನಾನೂ ಇಂಗ್ಲಿಷ್‌ನಲ್ಲಿ "ನಾನು" ಎನ್ನಬೇಕು. ಯಜಮಾನರದ್ದು ದಿನಾ ಸಂಜೆ ಒಂದೇ ತಮಾಷೆ: "ಇವತ್ತು ಯಾರ್ಯಾರಾಗಿದ್ದೆ?"

ಕೊನೆಗೆ ಆರನೇ ಬೆಡ್. ಬಟ್ಟೆ ಹೊಲಿಯುವ ಹೆಂಗಸು, ಮೂವತ್ತು ದಾಟಿರಲಿಕ್ಕಿಲ್ಲ. ಬಲಗೈ ಮಣಿಕಟ್ಟು ಮುರಿದಿದೆ. ಕತ್ತಿನ ಹತ್ತಿರ ಹಳದಿಗೆ ತಿರುಗಿದ ಹಳೇ ಕಲೆ. ಗಂಡ ಬಾಗಿಲ ಹೊರಗೆ, ಕೈಯಲ್ಲಿ ಸೇಬಿನ ಚೀಲ. ನರ್ಸ್ ಫಾರ್ಮ್ ಓದಿದಳು. ಒಂಬತ್ತನೇ ಪ್ರಶ್ನೆ — ಮನೆಯಲ್ಲಿ ಯಾರಾದರೂ ನಿಮ್ಮನ್ನು "ಹಾರ್ಮ್" ಮಾಡಿದ್ದಾರಾ? ಅದಕ್ಕೆ ಅಚ್ಚಾಗಿರುವ ಟರ್ಕಿಶ್ ಓದಿದೆ. ಜರಾರ್ ವೆರ್ಮೆಕ್, ಅಂದರೆ ಹಾನಿ ಮಾಡುವುದು.

"ಇಲ್ಲ. ಮೆಟ್ಟಿಲಿಂದ ಬಿದ್ದೆ."

"ಮೆಟ್ಟಿಲಿಂದ ಬಿದ್ದೆ," ಎಂದೆ ನಾನು.

ನರ್ಸ್ ಟಿಕ್ ಹಾಕಿದಳು.

ಮಂಗಳವಾರ, 5, ಮಧ್ಯಾಹ್ನ

ಕ್ಯಾಂಟೀನ್. ನೆಲ ಒರೆಸುವ ಅಕ್ಕ ಎದುರಿಗೆ ಬಂದು ಕೂತಳು. ಟರ್ಕಿಶ್ ಅವಳ ಮನೆಮಾತು. ನಿನ್ನೆ ಆರನೇ ಬೆಡ್ಡಿನ ಪಕ್ಕದಲ್ಲೇ ಒರೆಸುತ್ತಿದ್ದಳು.

"ಅದೇನು ಪ್ರಶ್ನೆಯಮ್ಮಾ ನೀನು ಕೇಳಿದ್ದು? ಆಲಿಕಲ್ಲು ಬಿದ್ರೆ ಬೆಳೆಗೆ ಜರಾರ್. ನೀರು ನುಗ್ಗಿದ್ರೆ ಅಂಗಡಿಗೆ ಜರಾರ್. ಹೆಂಗಸಿಗೆ ಹಾಗೆ ಕೇಳ್ತಾರಾ?"

"ಮತ್ತೆ ಹೇಗೆ ಕೇಳೋದು?"

"ಜಾನಿನಿ ಯಾಕ್‌ಮಾಕ್. ನಮ್ಮಮ್ಮ ಅಳುವಾಗ ಅಂತಿದ್ದದ್ದು ಅದೇ."

ಜೀವ ಸುಡುವುದು. ಕನ್ನಡದಲ್ಲಿ ನಾವು ಜೀವ ಹಿಂಡಿದ ಎನ್ನುತ್ತೇವಲ್ಲ, ಅದರ ಒಡಹುಟ್ಟು.

ಊಟ ಸೇರಲಿಲ್ಲ. ಆ ಫಾರ್ಮಿಗೆ ಟರ್ಕಿಶ್ ಬರೆದವಳು ನಾನೇ, ಏಳು ವರ್ಷದ ಹಿಂದೆ. ಕಾಲೇಜಿನಲ್ಲಿ ಕಲಿತ ಭಾಷೆ. ನಿಘಂಟು ತೆರೆದೆ, ಮೊದಲ ಅರ್ಥ ಸಿಕ್ಕಿತು, ಬರೆದೆ. ತಪ್ಪೇನೂ ಅಲ್ಲ. ದುಭಾಷಿ ವಿಭಾಗದ ಮೇಡಂ ಬೆನ್ನು ತಟ್ಟಿದ್ದರು. ಈ ಏಳು ವರ್ಷದಲ್ಲಿ ಎಷ್ಟು ಜನ "ಇಲ್ಲ" ಅಂದರೋ... ಛೀ.

ಬುಧವಾರ, 6

ಮೇಡಂ ಹತ್ತಿರ ಹೋದೆ. ಆ ಪದ ಬದಲಾಯಿಸಬೇಕು ಎಂದೆ.

"ಅದಕ್ಕೆ ಕಮಿಟಿ ಕೂರ್ಬೇಕಮ್ಮ. ಮುಂದಿನ ತಿಂಗಳು ನೋಡೋಣ."

"ಆರನೇ ಬೆಡ್ಡಿನಾಕೆ ನಾಳೆನೇ ಡಿಸ್ಚಾರ್ಜ್, ಮೇಡಂ. ನಾಳೆ ಒಂದಿನ ಬೇರೆ ಥರ ಕೇಳ್ಲಾ?"

"ಫಾರ್ಮಲ್ಲಿ ಇಲ್ಲದ್ದು ನಿಮ್ಮ ಬಾಯಲ್ಲಿ ಬರಬಾರದು. ರೋಗಿ ಹೇಳಿದ್ದು ಒಂದಕ್ಷರ ಬಿಟ್ಟೂ ಹೋಗಬಾರದು. ನಿಯಮಕ್ಕೆ ಸಹಿ ಹಾಕಿದ್ದೀರಿ, ನೆನಪಿದೆ ತಾನೆ?"

ನೆನಪಿದೆ. ಬಾಲ ಮುದುರಿಕೊಂಡು ಬಂದೆ.

ಗುರುವಾರ, 7, ಸಂಜೆ

ಕೇಳಿಬಿಟ್ಟೆ. ಧೈರ್ಯ ಎಲ್ಲಿಂದ ಬಂತೋ. ಗಂಡ ಔಷಧಿ ಕ್ಯೂನಲ್ಲಿದ್ದ. ಡಿಸ್ಚಾರ್ಜಿಗೆ ಮುಂಚೆ ನರ್ಸ್ ಮತ್ತೆ ಫಾರ್ಮ್ ಓದುತ್ತಾ ಒಂಬತ್ತಕ್ಕೆ ಬಂದಳು. ನಾನು ಅಕ್ಕ ಕಲಿಸಿದ ಮಾತಿನಲ್ಲೇ ಕೇಳಿದೆ — ನಿನ್ನ ಜೀವ ಸುಟ್ಟವರು ಯಾರಾದರೂ ಇದ್ದಾರಾ?

ಆಕೆ ನನ್ನನ್ನೇ ನೋಡಿದಳು.

"ಹೌದು ಅಕ್ಕಾ, ಅವನೇ. ಆದ್ರೆ ಇವರಿಗೆ ಹೇಳ್ಬೇಡ. ಮಗಳು ಅವನ ತಾಯಿ ಹತ್ರ ಇದ್ದಾಳೆ. ಬಿದ್ದೆ ಅಂತಲೇ ಹೇಳು. ನಿನ್ನ ಕಾಲಿಗೆ ಬೀಳ್ತೀನಿ."

"ಏನಂತೆ?" ನರ್ಸ್ ಪೆನ್ ಹಿಡಿದು ಕಾದಳು.

ಅತ್ತ ದರಿ, ಇತ್ತ ಪುಲಿ.

"ನಾನು ಬಿದ್ದೆ," ಎಂದೆ.

ಅಷ್ಟುದ್ದ ಮಾತಿಗೆ ಇಷ್ಟೇನಾ ಎಂಬಂತೆ ನರ್ಸ್ ನೋಡಿದಳು. ಆಮೇಲೆ ಟಿಕ್ ಹಾಕಿದಳು. ಕಿಟಕಿಯಿಂದ ಕಂಡಿತು — ಅವನು ಕಾರಿನ ಬಾಗಿಲು ಹಿಡಿದು ನಿಂತಿದ್ದ. ಆಕೆ ಮುರಿದ ಕೈಯನ್ನು ಎದೆಗೆ ಒತ್ತಿಕೊಂಡು ಹತ್ತಿದಳು.

ಮನೆಯಲ್ಲಿ ಇವರು: "ಇವತ್ತು ಯಾರಾಗಿದ್ದೆ?"

ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಮಂಗಳವಾರ, 12

ಫಾರ್ಮಿನಲ್ಲಿದ್ದ ವಿಳಾಸ ಹುಡುಕಿಕೊಂಡು ಹೋದೆ. ಹೋಗಬಾರದು. ಕೆಳಗೆ ಆಕೆಯ ಹೊಲಿಗೆ ಅಂಗಡಿ, ಶಟರ್ ಎಳೆದಿದೆ. ಪಕ್ಕದಲ್ಲಿ ಮೆಟ್ಟಿಲು. ಎಣಿಸಿದೆ — ಮೂರೇ ಮೂರು. ಬೆಲ್ ಒತ್ತಲಿಲ್ಲ. ಅವನು ಬಾಗಿಲು ತೆರೆದರೆ ಏನೆನ್ನಲಿ? ವಾಪಸ್ ಬಂದೆ.

ಗುರುವಾರ, 21, ಬೆಳಿಗ್ಗೆ 10.15

ಈ ಸಲ ಆರನೇ ಬೆಡ್ ಅಲ್ಲ, ಐಸಿಯು. ದವಡೆ ಮುರಿದಿದೆ, ತಂತಿ ಕಟ್ಟಿದ್ದಾರೆ. ಒಂದು ಕಣ್ಣು ಊದಿ ಮುಚ್ಚಿದೆ. ಇನ್ನೊಂದು ಕಣ್ಣು ನನ್ನ ಗುರುತು ಹಿಡಿಯಿತು. "ಮತ್ತೆ ಬಿದ್ದಳು" ಎಂದನಂತೆ ಗಂಡ. ಪೊಲೀಸರು ಬಂದಿದ್ದಾರೆ.

ನರ್ಸ್ ಹಳೇ ಫಾರ್ಮ್ ಹಿಡಿದುಕೊಂಡು ಬಂದಳು. "ಎರಡು ಸಲ ಕೇಳಿದ್ವಲ್ಲ. ಎರಡು ಸಲಾನೂ ಇಲ್ಲ ಅಂದಿದ್ದಾಳೆ. ಹೌದು ತಾನೆ?"

ಮೇಡಂ ಬಿಳಿ ಹಾಳೆ ಕೊಟ್ಟರು. "ಅವಳು ಏನು ಹೇಳಿದ್ಲು ಅಂತ ಬರ್ಕೊಡಿ. ಇದ್ದದ್ದು ಇದ್ದ ಹಾಗೆ."

ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದೇನೆ. ಬರೆದರೆ ಕೆಲಸ ಹೋಗುತ್ತದೆ; ಹೋಗಲಿ. ಆದರೆ ಆ ಮಗು ಇನ್ನೂ ಅಜ್ಜಿಯ ಹತ್ತಿರವೇ ಇದೆ. ಬರೆಯಲಾ ಎಂದು ತಾಯಿಯನ್ನೇ ಕೇಳೋಣವೆಂದರೆ ಬಾಯಿಗೆ ತಂತಿ, ಈಗ ಮತ್ತೆ ನಿದ್ದೆಯ ಮದ್ದೂ ಕೊಟ್ಟಿದ್ದಾರೆ. ಬರೆಯದಿದ್ದರೆ ಅವನೇ ಬಂದು ಆಕೆಯನ್ನು ಮತ್ತೆ ಕರೆದುಕೊಂಡು ಹೋಗುತ್ತಾನೆ, ಸೇಬು ಹಿಡಿದುಕೊಂಡು.

ಹಾಳೆಗೆ ಮೊದಲು ಇಲ್ಲಿ ಬರೆದು ನೋಡುತ್ತೇನೆ.

ಏಳನೇ ತಾರೀಖು ಗುರುವಾರ ನಾನು ಕೇಳಿದ್ದಕ್ಕೆ ಆಕೆ ಹೌದು ಎಂದಳು. ಬಿದ್ದೆ ಎಂದು ನರ್ಸಿಗೆ ಹೇಳಿದವಳು ನಾನು. ನಾನು